ಪ್ಲಾಸ್ಟಿಕ್ ಮಿಶ್ರಣಗಳ ಗುಣನಿರೂಪಣೆಯೂ ಕನ್ನಡ ಪರಿಭಾಷೆಯೂ

"ರಬ್ಬರನ್ನು ಬೆರಸಿದರೆ ಪ್ಲಾಸ್ಟಿಕ್ಕು ಗಟ್ಟಿಯಾಗುತ್ತದೆ" ಎಂಬ ಮಾದರಿಯ ವಾಕ್ಯವು ಕನ್ನಡದ ವಿಜ್ಞಾನಬೋಧೆಯಲ್ಲಿ ಕಿವಿಗೆ ಬೀಳುವುದು ಅಪೂರ್ವವಲ್ಲ. ವ್ಯಾಕರಣದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ, ಪದಗಳೆಲ್ಲವೂ ಬಳಕೆಯವು, ಅನ್ವಯವೂ ಸುಗಮವಾಗಿದೆ. ಆದರೂ ವಸ್ತುತತ್ತ್ವವನ್ನು ಮುಂದಿಟ್ಟುಕೊಂಡು ಪರೀಕ್ಷಿಸಿದರೆ, ಈ ಚಿಕ್ಕ ವಾಕ್ಯದ ಎರಡು ಪದಗಳಲ್ಲಿ ಎರಡು ದೊಡ್ಡ ಸಂದಿಗ್ಧತೆಗಳು ಅಡಗಿರುವುದು ಕಂಡುಬರುವುದು. "ಗಟ್ಟಿ" ಎಂಬುದು ಯಾವ ಗುಣ? "ಬೆರಸುವುದು" ಎಂಬುದು ಯಾವ ಬಗೆಯ ಸಂಬಂಧ? ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯದ ಹೊರತು ಆ ವಾಕ್ಯವು ಸತ್ಯವೋ ಅಸತ್ಯವೋ ಎಂಬುದನ್ನೇ ನಿರ್ಣಯಿಸುವಂತಿಲ್ಲ. ಒಂದು ಅರ್ಥದಲ್ಲಿ ಅದು ಸತ್ಯ. ಮತ್ತೆರಡು ಅರ್ಥಗಳಲ್ಲಿ ಸತ್ಯಕ್ಕೆ ನೇರವಾಗಿ ವಿರುದ್ಧ. ಶಾಸ್ತ್ರವಾಕ್ಯಕ್ಕೆ ಇದಕ್ಕಿಂತ ದೊಡ್ಡ ದೋಷವು ಬೇರೊಂದಿಲ್ಲ. ಆದುದರಿಂದ ಈ ಎರಡು ಪದಗಳ ವಿಮರ್ಶೆಯೇ ಪ್ರಸ್ತುತ ವಿಷಯ.

ಮೊದಲು "ಗಟ್ಟಿ" ಎಂಬುದನ್ನು ವಿಚಾರಿಸತಕ್ಕದ್ದು. ಘನವಸ್ತುವೊಂದನ್ನು ಎಳೆದು, ಬಗ್ಗಿಸಿ, ಹೊಡೆದು, ಗೀರಿ ನೋಡುವವರು ಅದರಲ್ಲಿ ನಾಲ್ಕು ಗುಣಗಳನ್ನಾದರೂ ಬೇರೆಬೇರೆಯಾಗಿ ಎಣಿಸುವರು. ವಸ್ತುವು ಹರಿಯುವುದಕ್ಕೆ ಮುಂಚೆ ಎಷ್ಟು ಎಳೆತವನ್ನು ಹೊರಬಲ್ಲದು ಎಂಬುದು ಒಂದು, ಇದು ಬಲ. ಹೊರೆಯನ್ನು ಹೇರಿದಾಗ ಎಷ್ಟು ಕಡಮೆ ಬಾಗುವುದು ಅಥವಾ ಹಿಗ್ಗುವುದು ಎಂಬುದು ಎರಡನೆಯದು. ಇದನ್ನು ಬಿಗುಪು ಎನ್ನಬಹುದು. ಮೇಲ್ಮೈಯು ಗೀರನ್ನೂ ಒತ್ತನ್ನೂ ಎಷ್ಟು ತಡೆಯುವುದು ಎಂಬುದು ಮೂರನೆಯದು. ಇದು ಗಡಸು ಅಥವಾ ಕಾಠಿನ್ಯ. ಮುರಿಯುವುದಕ್ಕೆ ಮುಂಚೆ ಎಷ್ಟು ಶಕ್ತಿಯನ್ನು ತನ್ನೊಳಗೆ ಹೀರಿಕೊಳ್ಳಬಲ್ಲದು ಎಂಬುದು ನಾಲ್ಕನೆಯದು. ಇದಕ್ಕೆ ತಾಳಿಕೆ ಎಂಬ ಹೆಸರು ಒಪ್ಪುವುದು. ಗಾಜಿನ ಬಳೆಗೆ ಬಿಗುಪೂ ಉಂಟು, ಗಡಸೂ ಉಂಟು, ತಾಳಿಕೆಯಿಲ್ಲ. ಚರ್ಮದ ಬಾರಿಗೆ ತಾಳಿಕೆಯುಂಟು, ಬಿಗುಪಿಲ್ಲ. ಲೋಕವ್ಯವಹಾರದಲ್ಲಿ ಬಾರನ್ನೂ ಗಟ್ಟಿಯೆನ್ನುವರು, ಕಲ್ಲನ್ನೂ ಗಟ್ಟಿಯೆನ್ನುವರು, ಆಣೆಯಿಟ್ಟ ಮಾತನ್ನೂ ಗಟ್ಟಿಯೆನ್ನುವರು. ಲೋಕಕ್ಕೆ ಅಷ್ಟು ಸಾಕು, ಶಾಸ್ತ್ರಕ್ಕೆ ಸಾಲದು.

ಈ ಗೊಂದಲವು ದೇಶ್ಯಪದಗಳಿಗೆ ಮಾತ್ರ ಸೇರಿದುದೆಂದೂ, ಸಂಸ್ಕೃತಪದಗಳನ್ನು ತಂದರೆ ನಿವಾರಣೆಯಾಗುವುದೆಂದೂ ಭಾವಿಸುವುದು ಸರಿಯಲ್ಲ. "ದೃಢತೆ" ಎಂಬ ಸಂಸ್ಕೃತಪದವು ಒಂದೆಡೆ ಬಲಕ್ಕೂ, ಮತ್ತೊಂದೆಡೆ ಬಿಗುಪಿಗೂ, ಇನ್ನೊಂದೆಡೆ ತಾಳಿಕೆಗೂ ಪ್ರಯುಕ್ತವಾಗುವುದುಂಟು. ಪದವು ಘನವಾದ ಮಾತ್ರಕ್ಕೆ ಅರ್ಥವು ನಿಯತವಾಗುವುದಿಲ್ಲ. ಇದಕ್ಕೆ ಪ್ರತಿಯಾಗಿ, ಒಡೆಯುವ ಸ್ವಭಾವಕ್ಕೆ ಪಾಠಪುಸ್ತಕಗಳಲ್ಲಿ ನಿಂತಿರುವ "ಭಿದುರತೆ" ಎಂಬುದು ಅತ್ಯಂತ ಸಮರ್ಪಕವಾದ ಪದ. ಭಿದ್ ಧಾತುವಿಗೆ ಪಾಣಿನಿಯು ವಿಧಿಸಿದ ಕುರಚ್ ಪ್ರತ್ಯಯವು ತಾಚ್ಛೀಲ್ಯವನ್ನು ಹೇಳುವುದಾದ್ದರಿಂದ, ಭಿದುರವೆಂದರೆ ಒಡೆಯುವುದನ್ನೇ ಶೀಲವಾಗಿ ಉಳ್ಳದ್ದು ಎಂದಾಗುವುದು. ಗಾಜಿನ ಬಳೆಯ ಗುಣವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪದವು ದುರ್ಲಭ.

"ಸ್ಥಿತಿಸ್ಥಾಪಕತ್ವ"ದ ಕಥೆಯು ಇನ್ನಷ್ಟು ಬೋಧಪ್ರದವಾಗಿದೆ. ಈ ಪದವು ನ್ಯಾಯವೈಶೇಷಿಕರ ಭಂಡಾರದಿಂದ ಬಂದುದು. ಸಂಸ್ಕಾರವೆಂಬ ಗುಣವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರಾಗಿ ವಿಭಾಗಿಸಿ, ಮೂರನೆಯದಕ್ಕೆ ಚಾಪೆಯನ್ನು ಉದಾಹರಣೆಯಾಗಿ ಕೊಟ್ಟಿರುವುದನ್ನು ತರ್ಕಸಂಗ್ರಹವನ್ನು ಓದಿದವರೆಲ್ಲರೂ ಬಲ್ಲರು. ಸುರುಳಿ ಸುತ್ತಿಟ್ಟ ಚಾಪೆಯನ್ನು ಬಿಡಿಸಿ ಕೈಬಿಟ್ಟರೆ ಅದು ಮತ್ತೆ ಸುರುಳಿಯಾಗುವುದು. ಮೊದಲಿನ ಸ್ಥಿತಿಗೆ ಮರಳುವ ಗುಣವೆಂಬ ಅರ್ಥದಲ್ಲಿ ಆಧುನಿಕ ಭೌತಶಾಸ್ತ್ರಕ್ಕೆ ಈ ಪದವನ್ನು ತಂದವರ ವಿವೇಕವು ಶ್ಲಾಘ್ಯ. ಆದರೆ "ಸ್ಥಿತಿಸ್ಥಾಪಕತ್ವದ ಗುಣಾಂಕ" ಎಂಬ ಸಂಖ್ಯೆಯು ಹೆಚ್ಚಾದಷ್ಟೂ ವಸ್ತುವು ಚಾಪೆಯಂತೆಯೋ ರಬ್ಬರಿನಂತೆಯೋ ಹೆಚ್ಚುಹೆಚ್ಚಾಗಿ ಹಿಗ್ಗಿ ಮರಳುವುದೆಂದು ವಿದ್ಯಾರ್ಥಿಯು ತಿಳಿಯುವುದು ಸಹಜ. ವಸ್ತುತಃ ಆ ಸಂಖ್ಯೆಯು ಅಳೆಯುವುದು ಬಿಗುಪನ್ನು. ಮೆದುವಾದ ರಬ್ಬರಿನಲ್ಲಿ ಅದು ಸುಮಾರು ೧ ಮೆಗಾಪಾಸ್ಕಲ್ ಇದ್ದರೆ, ಗಾಜಿನಂತೆ ಪಾರದರ್ಶಕವಾಗಿ ಬಿರುಸಾಗಿರುವ ಪಾಲಿಸ್ಟೈರೀನಿನಲ್ಲಿ ಸುಮಾರು ೩೦೦೦ ಮೆಗಾಪಾಸ್ಕಲ್ ಇರುವುದು. ಬಿಗುಪಿನ ಗುಣಾಂಕವೆಂದಿದ್ದರೆ ಈ ಭ್ರಾಂತಿಗೆ ಅವಕಾಶವಿರುತ್ತಿರಲಿಲ್ಲ.

ಇನ್ನು "ಮಿಶ್ರಣ" ಎಂಬ ಪದದ ವಿಚಾರ. ಎರಡು ವಸ್ತುಗಳನ್ನು ಬೆರಸಿದರೆ ಬರುವ ಗುಣವು ಅವೆರಡರ ಗುಣಗಳ ಸರಾಸರಿಯಾಗಿರುವುದೆಂಬ ಊಹೆಯು ಈ ಪದದ ಬೆನ್ನಹಿಂದೆಯೇ ನಡೆದುಬರುವುದು. ಬಿಸಿನೀರಿಗೆ ತಣ್ಣೀರು ಬೆರಸಿದರೆ ಉಗುರುಬೆಚ್ಚಗಿನ ನೀರು ಸಿಕ್ಕುವ ಅನುಭವವೇ ಇದಕ್ಕೆ ಮೂಲ. ಪ್ಲಾಸ್ಟಿಕ್ಕುಗಳ ವಿಷಯದಲ್ಲಿ ಈ ಊಹೆಯು ಎಷ್ಟು ದೂರ ತಪ್ಪುವುದೆಂಬುದಕ್ಕೆ ಒಂದು ಲೆಕ್ಕವನ್ನು ನೋಡಬಹುದು. ಮೇಲೆ ಹೇಳಿದ ಪಾಲಿಸ್ಟೈರೀನನ್ನೂ ರಬ್ಬರನ್ನೂ ಸಮಪ್ರಮಾಣದಲ್ಲಿ ತೆಗೆದುಕೊಂಡು, ಪಟ್ಟಿಪಟ್ಟಿಯಾಗಿ ಪಕ್ಕಪಕ್ಕದಲ್ಲಿ ಜೋಡಿಸಿ ಉದ್ದಕ್ಕೆ ಎಳೆದರೆ ಒಟ್ಟಿನ ಬಿಗುಪು ಸುಮಾರು ೧೫೦೦ ಮೆಗಾಪಾಸ್ಕಲ್ ಆಗುವುದು. ಅವೇ ಎರಡನ್ನು ಒಂದರ ತುದಿಗೆ ಮತ್ತೊಂದನ್ನು ಹಚ್ಚಿ ಎಳೆದರೆ ಬಿಗುಪು ಸುಮಾರು ೨ ಮೆಗಾಪಾಸ್ಕಲ್ ಮಾತ್ರ. ದ್ರವ್ಯಗಳು ಅವೇ, ಪ್ರಮಾಣವೂ ಅದೇ. ವಿನ್ಯಾಸವು ಬೇರೆಯಾದುದರಿಂದ ಫಲದಲ್ಲಿ ಏಳುನೂರು ಪಟ್ಟಿಗೂ ಮಿಕ್ಕ ಅಂತರ. ಮೊದಲನೆಯ ಬಗೆಯ ಲೆಕ್ಕವನ್ನು ಫೋಗ್ಟನು ೧೮೮೯ರಲ್ಲಿಯೂ ಎರಡನೆಯದನ್ನು ರಾಯ್ಸನು ೧೯೨೯ರಲ್ಲಿಯೂ ನಿರೂಪಿಸಿದರು. ನಿಜವಾದ ಮಿಶ್ರಣಗಳ ಬಿಗುಪು ಸಾಮಾನ್ಯವಾಗಿ ಈ ಎರಡು ಎಲ್ಲೆಗಳ ನಡುವೆ ಎಲ್ಲಿಯೋ ನಿಲ್ಲುವುದು. ಎಲ್ಲಿ ನಿಲ್ಲುವುದೆಂಬುದನ್ನು "ಮಿಶ್ರಣ" ಎಂಬ ಪದವು ಹೇಳುವುದಿಲ್ಲ.

ಅಲ್ಲದೆಯೂ, ಪ್ಲಾಸ್ಟಿಕ್ಕುಗಳು ಸಾಮಾನ್ಯವಾಗಿ ಒಂದರೊಡನೊಂದು ಕರಗಿ ಬೆರೆಯುವುವೇ ಅಲ್ಲ. ಸಣ್ಣ ಅಣುಗಳ ದ್ರವಗಳು ಕೂಡುವುದಕ್ಕೆ ಮುಖ್ಯವಾದ ಒಂದು ಪ್ರೇರಣೆಯೆಂದರೆ, ಕೂಡಿದಮೇಲೆ ಅಣುಗಳಿಗೆ ದೊರೆಯುವ ವಿನ್ಯಾಸಗಳ ಸಂಖ್ಯೆಯು ಅತಿಯಾಗಿ ಹೆಚ್ಚುವುದು. ಪ್ಲಾಸ್ಟಿಕ್ಕಿನ ಅಣುವಾದರೋ ಸಾವಿರಾರು ಕೊಂಡಿಗಳು ಒಂದಕ್ಕೊಂದು ಕಟ್ಟಿಬಿದ್ದ ಸರಪಣಿ. ಕಟ್ಟಿಬಿದ್ದ ಕೊಂಡಿಗಳಿಗೆ ಸ್ವತಂತ್ರವಾಗಿ ಚದುರುವ ಅವಕಾಶವಿಲ್ಲದ್ದರಿಂದ ಆ ಪ್ರೇರಣೆಯು ಅತ್ಯಲ್ಪವಾಗುವುದು. ಎರಡು ಸರಪಣಿಗಳ ನಡುವೆ ಕಿಂಚಿತ್ ವೈಮನಸ್ಯವಿದ್ದರೂ ಅವು ಬೇರೆಬೇರೆಯಾಗಿ ನಿಲ್ಲುವುವು. ಈ ತತ್ತ್ವವನ್ನು ಫ್ಲೋರಿ ಮತ್ತು ಹಗಿನ್ಸ್ ಎಂಬ ವಿದ್ವಾಂಸರು ೧೯೪೧-೪೨ರಲ್ಲಿ ಪ್ರತ್ಯೇಕವಾಗಿ ಗಣಿತಮುಖದಿಂದ ನಿರೂಪಿಸಿದರು. ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್ ಎರಡೂ ಇಂಗಾಲ ಜಲಜನಕಗಳಿಂದ ಮಾತ್ರವೇ ಆದ ದಾಯಾದಿಗಳು. ಆದರೂ ಕರಗಿಸಿ ಕಲಸಿದರೆ ಒಂದಾಗುವುದಿಲ್ಲ.

ಹೀಗಿರಲು, ಬೆರಕೆಯ ಬಗೆಗಳನ್ನು ವಿಂಗಡಿಸಿ ಹೇಳುವ ಶಕ್ತಿಯು ಕನ್ನಡದ ಶಾಸ್ತ್ರಪರಂಪರೆಯಲ್ಲಿ ಉಂಟೋ ಇಲ್ಲವೋ ಎಂಬುದು ವಿಚಾರಣೀಯ. ಉಂಟೆಂಬುದಕ್ಕೆ ಸಾಕ್ಷಿಯು ರಸಾಯನಗ್ರಂಥಗಳಲ್ಲಿಲ್ಲ, ಕಾವ್ಯಮೀಮಾಂಸೆಯಲ್ಲಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಅರಿಯದೆ ಸಂಸ್ಕೃತವನ್ನೂ ಕನ್ನಡವನ್ನೂ ಸಮಾಸದಲ್ಲಿ ಬೆರಸುವುದನ್ನು, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರಸಿದಂತೆಂದು ನಿಂದಿಸಿದೆ. ೧೧೧೨ರ ಧರ್ಮಾಮೃತದಲ್ಲಿ ನಯಸೇನನು ಇಂಥ ಬೆರಕೆಯನ್ನು ತುಪ್ಪಕ್ಕೂ ಎಣ್ಣೆಗೂ ಹೋಲಿಸಿ ಆಕ್ಷೇಪಿಸಿದನು. ಈ ಎರಡು ಉಪಮಾನಗಳನ್ನು ಒಂದೇ ಅಭಿಪ್ರಾಯದ ಎರಡು ರೂಪಗಳೆಂದು ಗಣಿಸುವುದು ವಾಡಿಕೆ. ಸೂಕ್ಷ್ಮವಾಗಿ ನೋಡಿದರೆ ಅವು ಬೇರೆ. ಮಜ್ಜಿಗೆ ಬಿದ್ದ ಹಾಲು ಒಡೆಯುವುದು. ಗಟ್ಟಿ ಬೇರೆ, ನೀರು ಬೇರೆಯಾಗಿ ನಿಲ್ಲುವುದು. ಕಾಯಿಸಿದ ತುಪ್ಪವೂ ಎಣ್ಣೆಯೂ ಬೆರಸಿದರೆ ಒಡೆಯುವುದಿಲ್ಲ. ಗುರುತು ಸಿಕ್ಕದಂತೆ ಒಂದಾಗುವುವು. ಅಲ್ಲಿ ಕೆಡುವುದು ಐಕ್ಯವಲ್ಲ, ರುಚಿ ಮತ್ತು ಔಚಿತ್ಯ. ಎರಡು ವಸ್ತುಗಳು ಕೂಡುವುವೋ ಇಲ್ಲವೋ ಎಂಬುದು ಒಂದು ಪ್ರಶ್ನೆ. ಕೂಡಿದುದು ಒಳ್ಳೆಯದಾಯಿತೋ ಇಲ್ಲವೋ ಎಂಬುದು ಮತ್ತೊಂದು. ಪ್ಲಾಸ್ಟಿಕ್ ಮಿಶ್ರಣಗಳ ಶಾಸ್ತ್ರದಲ್ಲಿಯೂ ಮೊದಲು ಕಲಿಯಬೇಕಾದ ವಿವೇಕವು ಇದೇ.

ಅಲಂಕಾರಶಾಸ್ತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಒಂದೇ ಪದ್ಯದಲ್ಲಿ ಹಲವು ಅಲಂಕಾರಗಳು ಕೂಡಿದಾಗ ಆ ಕೂಟವನ್ನು ಸಂಸೃಷ್ಟಿಯೆಂದೂ ಸಂಕರವೆಂದೂ ಎರಡಾಗಿ ವಿಭಜಿಸಿರುವುದು ಪ್ರಸಿದ್ಧ. ಎಳ್ಳೂ ಅಕ್ಕಿಯೂ ಕಲೆತಂತಿರುವುದು ಸಂಸೃಷ್ಟಿ. ಹಾಲೂ ನೀರೂ ಕಲೆತಂತಿರುವುದು ಸಂಕರ. ಈ ದೃಷ್ಟಾಂತಗಳನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡವರು ಕಣ್ಣಿಗೆ ಬೇರೆಯಾಗಿ ಕಂಡರೆ ಸಂಸೃಷ್ಟಿ, ಕಾಣದಿದ್ದರೆ ಸಂಕರ ಎಂದು ತಿಳಿಯುವರು. ಆದರೆ ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಸಂಸೃಷ್ಟಿಯ ಲಕ್ಷಣದಲ್ಲಿ ಮುಖ್ಯವಾಗಿ ಹೇಳಿರುವುದು ಪರಸ್ಪರ ಅಪೇಕ್ಷೆಯಿಲ್ಲದಿರುವಿಕೆಯನ್ನು. ಸಂಕರಕ್ಕೆ ಮಮ್ಮಟ, ರುಯ್ಯಕ ಮೊದಲಾದವರು ಕೊಟ್ಟಿರುವ ಮೂರು ಭೇದಗಳಲ್ಲಿ ಒಂದು ಅಂಗಾಂಗಿಭಾವ. ಅಲ್ಲಿ ಎರಡು ಅಲಂಕಾರಗಳೂ ಬೇರೆಬೇರೆಯಾಗಿ ಗುರುತಿಗೆ ಸಿಕ್ಕಿದರೂ ಒಂದು ಮತ್ತೊಂದಕ್ಕೆ ಅಂಗವಾಗಿ ದುಡಿಯುವುದು. ಆದುದರಿಂದ ಸಂಕರದ ನಿಕಷವು ಕಣ್ಣಲ್ಲ, ಅಪೇಕ್ಷೆ. ಈ ನಿಕಷವನ್ನು ಹಿಡಿದು ಮೂರು ಪ್ಲಾಸ್ಟಿಕ್ ಮಿಶ್ರಣಗಳನ್ನು ಪರೀಕ್ಷಿಸಿದರೆ ಅದರ ಉಪಯೋಗವು ವ್ಯಕ್ತವಾಗುವುದು.

ಒಂದನೆಯದು, ಪಾಲಿಎಥಿಲೀನ್ ಮತ್ತು ಪಾಲಿಸ್ಟೈರೀನ್‌ಗಳನ್ನು ಯಾವ ಸಂಧಾನದ್ರವ್ಯವನ್ನೂ ಸೇರಿಸದೆ ಕರಗಿಸಿ ಕಲಸಿದ ಮಿಶ್ರಣ. ಇಲ್ಲಿ ಒಂದರ ಹನಿಗಳು ಮತ್ತೊಂದರ ನಡುವೆ ಚದುರಿ ನಿಲ್ಲುವುವು. ಎರಡರ ಎಲ್ಲೆಯಲ್ಲಿ ಹಿಡಿತವಿರುವುದಿಲ್ಲ. ಎಳೆದರೆ ಎಲ್ಲೆಯು ಬಿಚ್ಚಿಕೊಂಡು ಅಲ್ಲಿಂದಲೇ ಬಿರುಕು ಹರಡುವುದು. ಪಾಲಿಎಥಿಲೀನಿನ ಹಿಗ್ಗುವ ಗುಣವು ನಷ್ಟವಾಗುವುದು. ಆ ನಷ್ಟಕ್ಕೆ ತಕ್ಕ ಲಾಭವು ಬೇರೆ ಕಡೆ ದೊರೆಯುವುದೂ ಇಲ್ಲ. ಇದು ಶುದ್ಧವಾದ ಸಂಸೃಷ್ಟಿ.

ಎರಡನೆಯದು, ಪಾಲಿಫೀನಿಲೀನ್ ಆಕ್ಸೈಡ್ ಮತ್ತು ಪಾಲಿಸ್ಟೈರೀನ್‌ಗಳ ಮಿಶ್ರಣ. ಈ ಎರಡು ಪ್ಲಾಸ್ಟಿಕ್ಕುಗಳು ಮಾತ್ರ ಯಾವ ಪ್ರಮಾಣದಲ್ಲಿ ಬೆರಸಿದರೂ ಅಣುಅಣುವಾಗಿ ಕೂಡುವುವು. ಇಂಥ ಜೋಡಿಗಳು ವಿರಳ. ಬಿರುಸಾದ ಗಾಜಿನ ಸ್ಥಿತಿಯನ್ನು ಬಿಟ್ಟು ಮೆದುವಾಗುವ ಉಷ್ಣಮಾನವು ಮೊದಲನೆಯದಕ್ಕೆ ಸುಮಾರು ೨೧೦ ಡಿಗ್ರಿ, ಎರಡನೆಯದಕ್ಕೆ ಸುಮಾರು ೧೦೦ ಡಿಗ್ರಿ ಸೆಂಟಿಗ್ರೇಡ್. ಮಿಶ್ರಣಕ್ಕೆ ಇವೆರಡೂ ಇರುವುದಿಲ್ಲ. ನಡುವೆ ಒಂದೇ ಒಂದು ಉಷ್ಣಮಾನವಿರುವುದು. ಎರಡು ಅಲಂಕಾರಗಳು ಒಂದೇ ಪದವನ್ನು ಆಶ್ರಯಿಸಿರುವ ಏಕವಾಚಕಾನುಪ್ರವೇಶವೆಂಬ ಸಂಕರಭೇದವು ಇಲ್ಲಿ ಸ್ಮರಣೆಗೆ ಬರುವುದು. ಈ ಮಿಶ್ರಣದ ಬಿಗುಪು ಮಧ್ಯಪ್ರಮಾಣಗಳಲ್ಲಿ ಸರಾಸರಿಯ ರೇಖೆಗಿಂತ ಮೇಲೇರುವುದೂ ಕಂಡುಬಂದಿದೆ.

ಮೂರನೆಯದು, ಲೇಖನದ ಆರಂಭದ ವಾಕ್ಯಕ್ಕೆ ವಿಷಯವಾದ, ರಬ್ಬರು ಸೇರಿಸಿದ ಪಾಲಿಸ್ಟೈರೀನ್. ಶೈತ್ಯಪೆಟ್ಟಿಗೆಗಳ ಒಳಗೋಡೆಗೆ ಬಳಸುವುದು ಇದನ್ನೇ. ಈ ದಾರಿಯಲ್ಲಿ ಆಸ್ಟ್ರೊಮಿಸ್ಲೆನ್ಸ್ಕಿ ಎಂಬುವನು ೧೯೨೭ರಲ್ಲಿಯೇ ಪೇಟೆಂಟು ಪಡೆದಿದ್ದನು. ಇಲ್ಲಿ ರಬ್ಬರು ಕರಗಿ ಒಂದಾಗುವುದಿಲ್ಲ. ಪಾಲಿಸ್ಟೈರೀನಿನ ನಡುವೆ ಮಿಲಿಮೀಟರಿನ ಸಾವಿರದ ಕೆಲವು ಅಂಶಗಳಷ್ಟು ಗಾತ್ರದ ಕಣಗಳಾಗಿ ಉಳಿಯುವುದು. ಸೂಕ್ಷ್ಮದರ್ಶಕಕ್ಕೆ ಎಳ್ಳೂ ಅಕ್ಕಿಯೂ ಕಲೆತಂತೆಯೇ ಕಾಣುವುದು. ಆದರೆ ತಯಾರಿಕೆಯ ಕಾಲದಲ್ಲಿ ಪಾಲಿಸ್ಟೈರೀನಿನ ಕೆಲವು ಸರಪಣಿಗಳು ರಬ್ಬರಿನ ಸರಪಣಿಗಳಿಗೆ ಕಸಿಕಟ್ಟಿದಂತೆ ಬೆಸೆದುಕೊಂಡಿರುವುದರಿಂದ ಎಲ್ಲೆಯಲ್ಲಿ ಹಿಡಿತವಿರುವುದು. ಪೆಟ್ಟು ಬಿದ್ದಾಗ ಈ ಕಣಗಳ ಸುತ್ತ ಅಸಂಖ್ಯಾತವಾದ ಸೂಕ್ಷ್ಮರೇಖೆಗಳು ಮೂಡುವುವು. ಅವು ಬಿರುಕುಗಳಂತೆ ತೋರಿದರೂ ಪೂರ್ಣವಾದ ಬಿರುಕುಗಳಲ್ಲ; ಅವುಗಳ ಎರಡು ದಡಗಳನ್ನು ನವುರಾದ ಎಳೆಗಳು ಸೇತುವೆಯಂತೆ ಹಿಡಿದಿರುವುವು. ಪೆಟ್ಟಿನ ಶಕ್ತಿಯು ಒಂದೇ ಬಿರುಕಿನಲ್ಲಿ ನುಗ್ಗುವುದಕ್ಕೆ ಬದಲಾಗಿ ಈ ಸಾವಿರಾರು ರೇಖೆಗಳಲ್ಲಿ ಹಂಚಿಹೋಗುವುದು. ಬಗ್ಗಿಸಿದ ಜಾಗವು ಬೆಳ್ಳಗಾಗುವುದಕ್ಕೂ ಇದೇ ಕಾರಣವೆಂದು ಬಕ್ನಲ್ ಮತ್ತು ಸ್ಮಿತ್ ಎಂಬುವರು ೧೯೬೫ರಲ್ಲಿ ತೋರಿಸಿಕೊಟ್ಟರು. ನೂರಕ್ಕೆ ಐದರಿಂದ ಹತ್ತು ಪಾಲಿನಷ್ಟು ರಬ್ಬರಿನಿಂದಲೇ ಪೆಟ್ಟನ್ನು ತಾಳುವ ಗುಣವು ಹಲವು ಪಟ್ಟು ಹೆಚ್ಚುವುದು. ಇದು ಕಣ್ಣಿಗೆ ಸಂಸೃಷ್ಟಿ, ಕಾರ್ಯದಲ್ಲಿ ಅಂಗಾಂಗಿಭಾವಸಂಕರ. ಪಾಲಿಸ್ಟೈರೀನ್ ಅಂಗಿ, ರಬ್ಬರು ಅಂಗ. ಒಂದುವೇಳೆ ರಬ್ಬರು ಪೂರ್ಣವಾಗಿ ಕರಗಿ ಒಂದಾಗಿಬಿಟ್ಟಿದ್ದರೆ ಕಣಗಳೇ ಇರುತ್ತಿರಲಿಲ್ಲ. ಈ ಉಪಕಾರವೂ ಇರುತ್ತಿರಲಿಲ್ಲ. ಪೂರ್ಣವಾದ ಐಕ್ಯವೇ ಎಲ್ಲೆಡೆ ಶ್ರೇಷ್ಠವೆಂಬ ಭಾವನೆಯು ಇಲ್ಲಿ ಖಂಡಿತವಾಗುವುದು.

ಆದರೆ ಲಾಭದೊಡನೆ ನಷ್ಟವನ್ನೂ ಹೇಳಬೇಕು. ಬರಿಯ ಪಾಲಿಸ್ಟೈರೀನಿನ ಎಳೆತದ ಬಲವು ಸುಮಾರು ೪೦ರಿಂದ ೫೦ ಮೆಗಾಪಾಸ್ಕಲ್. ರಬ್ಬರು ಸೇರಿದುದರಲ್ಲಿ ಅದು ಸುಮಾರು ೨೦ರಿಂದ ೩೦ಕ್ಕೆ ಇಳಿಯುವುದು. ಬಿಗುಪೂ ಇಳಿಯುವುದು, ಪಾರದರ್ಶಕತೆಯೂ ಹೋಗುವುದು. ಹೀಗೆ ತಾಳಿಕೆಯು ಏರಿ ಬಲವೂ ಬಿಗುಪೂ ಇಳಿದ ವಸ್ತುವನ್ನು "ಗಟ್ಟಿಯಾಯಿತು" ಎಂದು ಹೇಳಿದಾಗ, ಕೇಳಿದವನು ಮೂರನ್ನೂ ಏರಿದುವೆಂದು ತಿಳಿಯುವನು. ಹೊರೆ ಹೊರುವ ಕಡೆ ಅದನ್ನು ಬಳಸಿ ಮೋಸಹೋದರೆ ಆ ಅಪರಾಧವು ವಸ್ತುವಿನದಲ್ಲ, ವಾಕ್ಯದ್ದು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಸರಪಣಿಯಣುಗಳ ಸುಳಿವೇ ಇಲ್ಲದ ಆಲಂಕಾರಿಕರ ಪದಗಳನ್ನು ಇಪ್ಪತ್ತನೆಯ ಶತಮಾನದ ದ್ರವ್ಯಗಳಿಗೆ ಹೊದಿಸುವುದು ಬಲಾತ್ಕಾರವಲ್ಲವೆ, ಎಲ್ಲವೂ ಶಾಸ್ತ್ರಗಳಲ್ಲಿ ಮೊದಲೇ ಇತ್ತೆಂಬ ವ್ಯರ್ಥವಾದ ಅಭಿಮಾನಕ್ಕೆ ಇದು ಎಡೆಯಲ್ಲವೆ ಎಂಬುದು ಮೊದಲನೆಯದು. ಇದಕ್ಕೆ ಸಮಾಧಾನವೇನೆಂದರೆ, ಮಮ್ಮಟನಿಗಾಗಲಿ ರುಯ್ಯಕನಿಗಾಗಲಿ ಪಾಲಿಸ್ಟೈರೀನಿನ ಅರಿವಿತ್ತೆಂದು ಹೇಳುವುದು ಹಾಸ್ಯಾಸ್ಪದ. ಅವರಿಂದ ಪಡೆಯತಕ್ಕದ್ದು ವಸ್ತುಜ್ಞಾನವಲ್ಲ, ವಿವೇಚನೆಯ ಕ್ರಮ. ಅವರ ದೃಷ್ಟಾಂತಗಳಿಗೂ ಮಿತಿಯುಂಟು. ಕಲೆತುಹೋದುದಕ್ಕೆ ನಿದರ್ಶನವಾದ ಹಾಲೇ ಏಕದ್ರವ್ಯವಲ್ಲ. ನೀರಿನಲ್ಲಿ ಕೊಬ್ಬಿನ ಹನಿಗಳೂ ಪ್ರೋಟೀನಿನ ಕಣಗಳೂ ತೇಲುತ್ತಿರುವ ಬೆರಕೆಯೆಂದು ಈಗ ತಿಳಿದಿದೆ. ಆದುದರಿಂದ ಕ್ಷೀರನೀರದ ದೃಷ್ಟಾಂತವನ್ನು ರಸಾಯನಶಾಸ್ತ್ರದ ಪ್ರಮಾಣವನ್ನಾಗಿ ಮಾಡಬಾರದು. ಅಪೇಕ್ಷೆಯೆಂಬ ಲಕ್ಷಣವನ್ನು ಮಾತ್ರ ಗ್ರಹಿಸತಕ್ಕದ್ದು.

ಇಂಗ್ಲಿಷಿನ ಪದಗಳನ್ನೇ ಕನ್ನಡಲಿಪಿಯಲ್ಲಿ ಬರೆದುಕೊಂಡರೆ ಸಾಲದೆ ಎಂಬುದು ಎರಡನೆಯ ಆಕ್ಷೇಪ. ದ್ರವ್ಯಗಳ ಹೆಸರುಗಳಿಗೆ ಸಾಲುವುದು. ಈ ಲೇಖನದಲ್ಲಿಯೂ ಹಾಗೆಯೇ ಮಾಡಿದೆ. ಗುಣಗಳ ಮತ್ತು ಸಂಬಂಧಗಳ ಹೆಸರುಗಳಿಗೆ ಸಾಲದು. ಹೆಸರು ತೋರುವ ಬೆರಳಿನಂತೆ. ಗುಣವಾಚಕವಾದರೋ ಬುದ್ಧಿಯು ಹಿಡಿದು ಕೆಲಸಮಾಡುವ ಉಪಕರಣ. ಬಲ, ಬಿಗುಪು, ಗಡಸು, ತಾಳಿಕೆ ಎಂಬ ನಾಲ್ಕು ಪದಗಳು ಕೈಯಲ್ಲಿದ್ದ ವಿದ್ಯಾರ್ಥಿಯು ಮನೆಯ ಬಕೆಟ್ಟನ್ನೂ ಬಾಚಣಿಗೆಯನ್ನೂ ತಾನೇ ಪರೀಕ್ಷಿಸಬಲ್ಲನು. ಉರುಹಚ್ಚಿದ ನಾಲ್ಕು ಅನ್ಯಪದಗಳಿಂದ ಪ್ರಶ್ನೆಪತ್ರಿಕೆಯನ್ನು ಮಾತ್ರ ದಾಟಬಲ್ಲನು.

ಈ ವಿಚಾರವು ಪಂಡಿತರ ಪದಕಲಹವಲ್ಲವೆಂಬುದಕ್ಕೆ ತ್ಯಾಜ್ಯವಸ್ತುಗಳ ಸಮಸ್ಯೆಯೇ ಸಾಕ್ಷಿ. ಎಸೆದ ಪ್ಲಾಸ್ಟಿಕ್ಕುಗಳನ್ನು ವಿಂಗಡಿಸದೆ ಒಟ್ಟಿಗೆ ಕರಗಿಸಿದರೆ ಸಿಕ್ಕುವುದು ಸಂಸೃಷ್ಟಿ. ಅದರ ತಾಳಿಕೆ ಅತ್ಯಲ್ಪ. ಎಲ್ಲ ಪ್ಲಾಸ್ಟಿಕ್ಕೂ ಪ್ಲಾಸ್ಟಿಕ್ಕೇ, ಬೆರಸಿದರೇನು ಎಂದು ಕೇಳುವವನಿಗೆ ಉತ್ತರ ಹೇಳಲು ಬೆರಕೆಯ ಬಗೆಗಳನ್ನು ತಿಳಿಸುವ ಭಾಷೆ ಬೇಕು. ವಿಂಗಡಿಸಲಾಗದ ಕಡೆ ಮಾಡತಕ್ಕ ಉಪಾಯವೂ ಈ ಭಾಷೆಯಲ್ಲಿಯೇ ಸ್ಪಷ್ಟವಾಗುವುದು. ಪಾಲಿಎಥಿಲೀನ್ ಮತ್ತು ಪಾಲಿಪ್ರೊಪಿಲೀನ್‌ಗಳ ತುಂಡುಗಳನ್ನು ಒಂದೇ ಸರಪಣಿಯಲ್ಲಿ ಸರದಿಯಾಗಿ ಪೋಣಿಸಿದ ಒಂದು ಸಂಧಾನದ್ರವ್ಯವನ್ನು ಅಮೆರಿಕದ ಕಾರ್ನೆಲ್ ಮತ್ತು ಮಿನೆಸೋಟ ವಿಶ್ವವಿದ್ಯಾನಿಲಯಗಳ ಸಂಶೋಧಕರು ೨೦೧೭ರಲ್ಲಿ ಪ್ರಕಟಿಸಿದರು. ನೂರಕ್ಕೆ ಒಂದು ಪಾಲಿನಷ್ಟು ಅದನ್ನು ಸೇರಿಸಿದರೆ, ಒಂದಾಗದೆ ಭಿದುರವಾಗಿದ್ದ ಆ ಎರಡರ ಬೆರಕೆಯು ಚೆನ್ನಾಗಿ ಹಿಗ್ಗಿ ತಾಳುವ ವಸ್ತುವಾಗುವುದು. ಅಲ್ಲಿಯೂ ಎರಡು ಪ್ಲಾಸ್ಟಿಕ್ಕುಗಳು ಬೇರೆಬೇರೆಯಾಗಿಯೇ ಉಳಿಯುವುವು; ಹುಟ್ಟಿದುದು ಎಲ್ಲೆಯ ಹಿಡಿತ ಮಾತ್ರ. ನಿರಪೇಕ್ಷವಾಗಿದ್ದುದು ಸಾಪೇಕ್ಷವಾಯಿತು, ಸಂಸೃಷ್ಟಿಯು ಸಂಕರವಾಯಿತು.

ಆರಂಭದ ವಾಕ್ಯವನ್ನು ಈಗ ತಿದ್ದಬಹುದು. "ರಬ್ಬರನ್ನು ಕಣಗಳಾಗಿ ಉಳಿಯುವಂತೆಯೂ ಎಲ್ಲೆಯಲ್ಲಿ ಹಿಡಿತವಿರುವಂತೆಯೂ ಪಾಲಿಸ್ಟೈರೀನಿನಲ್ಲಿ ಸೇರಿಸಿದರೆ, ಬಲವೂ ಬಿಗುಪೂ ತಗ್ಗಿ ತಾಳಿಕೆಯು ಬಹಳ ಹೆಚ್ಚುವುದು." ವಾಕ್ಯವು ಉದ್ದವಾಯಿತು; ಒಂದು ಪದವಾದರೂ ಪಂಡಿತೈಕವೇದ್ಯವಾಗಲಿಲ್ಲ. ಕನ್ನಡವನ್ನೂ ವಿಜ್ಞಾನವನ್ನೂ ಕೂಡಿಸುವ ಕೆಲಸಕ್ಕೂ ಇದೇ ನಿಕಷವು ಸಲ್ಲುವುದು. ಒಂದರ ಪಕ್ಕದಲ್ಲಿ ಮತ್ತೊಂದನ್ನು ಚೆಲ್ಲಿದರೆ ಅದು ಎಳೆದೊಡನೆ ಬಿಚ್ಚಿಕೊಳ್ಳುವ ಬೆರಕೆಯಾಗುವುದು. ಎಲ್ಲೆಯಲ್ಲಿ ಹಿಡಿತ ಹುಟ್ಟಿದರೆ ಮಾತ್ರ ಅದು ಪೆಟ್ಟನ್ನು ತಾಳುವುದು. ಆ ಹಿಡಿತವನ್ನು ಹುಟ್ಟಿಸುವ ಕೆಲಸವು ಪದವನ್ನು ತೂಗಿ ಬಳಸುವ ಅಧ್ಯಾಪಕರದು.